ತಾಂಬ್ಯಾ ಗುಳಿಗೆ ನುಂಗಿದ ವೃತ್ತಾಂತ

ಮನುಷ್ಯನಿಗೆ ತನ್ನ ಉದ್ಯೋಗದ ಬಗ್ಗೆ ಇರುವ ಗರ್ವ ನಿವೃತ್ತಿಯ ದಿನ ಇಳಿಯುವುದಿಲ್ಲ. ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲಿನ ಜೊತೆಗೆ ಅದನ್ನೂ ಮಡಿಸಿ ಟ್ರಂಕಿನಲ್ಲಿ ಇಡುತ್ತೇವೆ. ಮನೆಗೆ ಯಾರಾದರೂ ಬಂದಾಗ ತೆಗೆದು ತೋರಿಸುತ್ತೇವೆ. ಆ ಗರ್ವ ನಿಜವಾಗಿ ಇಳಿಯಬೇಕಾದರೆ ಮನೆಯಲ್ಲಿ ಒಂದು ನಾಯಿ ಇರಬೇಕು, ಆ ನಾಯಿಗೆ ಜ್ವರ ಬರಬೇಕು, ಮತ್ತು ಅದಕ್ಕೆ ಗುಳಿಗೆ ನುಂಗಿಸುವ ಕೆಲಸ ನಮ್ಮ ಪಾಲಿಗೆ ಬರಬೇಕು. ನನ್ನ ವಿಷಯದಲ್ಲಿ ನಾಯಿ ಮೊದಲೇ ಇತ್ತು, ಉಳಿದ ಎರಡು ಅನುಕೂಲಗಳು ಒಂದೇ ವಾರದಲ್ಲಿ ಒದಗಿ ಬಂದವು. ಈಗ ನಾನು ಬಹಳ ವಿನಯದ ಮನುಷ್ಯ.

ನಾನು ಮೂವತ್ತನಾಲ್ಕು ವರ್ಷ ಸರಕಾರಿ ದವಾಖಾನೆಗಳಲ್ಲಿ ಕಂಪೌಂಡರನಾಗಿದ್ದವನು. ಹುಕ್ಕೇರಿ ಕಡೆ ಹನ್ನೊಂದು ವರ್ಷ, ಮೂಡಲಗಿ ಕಡೆ ಹದಿನಾಲ್ಕು, ಉಳಿದದ್ದು ಗೋಕಾಕದಲ್ಲಿ. ಇಷ್ಟೂ ವರ್ಷ ನಾನು ಜಗತ್ತನ್ನು ನೋಡಿದ್ದು ಎರಡು ಗೇಣು ಅಗಲದ ಒಂದು ಕಿಟಕಿಯಿಂದ. ಆ ಕಿಟಕಿಯೊಳಗೆ ಒಂದು ಕೈ ಬರುತ್ತಿತ್ತು, ಕೈಯಲ್ಲಿ ಚೀಟಿ ಇರುತ್ತಿತ್ತು; ನಾನು ಚೀಟಿ ತೆಗೆದುಕೊಂಡು ಔಷಧಿ ಇಡುತ್ತಿದ್ದೆ, ಕೈ ಹೊರಗೆ ಹೋಗುತ್ತಿತ್ತು. ಕೈಯ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಎಂಬುದು ಗೊತ್ತಿತ್ತು, ಆದರೆ ಬಗ್ಗಿ ನೋಡಲು ಪುರಸೊತ್ತು ಇರಲಿಲ್ಲ. ನಾನು ಆಡುತ್ತಿದ್ದ ಮಾತು ಒಂದೇ: "ದಿನಕ್ಕ ಮೂರ ಸಲ, ಊಟಾದ ಮ್ಯಾಲ. ಮುಂದಿನವರು ಬರ್ರಿ." ಈ ಮಾತನ್ನು ನಾನು ಎಷ್ಟು ಸಾವಿರ ಸಲ ಆಡಿದ್ದೇನೆಂದರೆ, ನಮ್ಮ ಮದುವೆಯಾದ ಹೊಸತರಲ್ಲಿ ನಮ್ಮ ಮನೆಯಾಕೆ ಊಟಕ್ಕೆ ಬಡಿಸುತ್ತ "ಮತ್ತೇನ್ರಿ?" ಎಂದು ಕೇಳಿದಾಗ ನನ್ನ ಬಾಯಿಂದ "ಮುಂದಿನವರು ಬರ್ರಿ" ಎಂದು ಬಂದುಬಿಟ್ಟಿತ್ತು. ಅದನ್ನು ಆಕೆ ಇನ್ನೂ ಮರೆತಿಲ್ಲ.

ನನಗೆ ಹೆಸರು ತಂದದ್ದು ಕಾಗದದ ಪಟ್ಟಿ. ಇಂದಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಹೆಚ್ಚಿನ ಔಷಧಿಯನ್ನು ನಾವೇ ಕಲಸಿ ಬಾಟಲಿಯಲ್ಲಿ ಹಾಕಿ ಕೊಡುತ್ತಿದ್ದೆವು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಒಂದು ಕಾಗದದ ಪಟ್ಟಿಯನ್ನು ಮಡಿಸಿ, ಅಂಚಿಗೆ ಕತ್ತರಿಯಿಂದ ಹಲ್ಲು ಬಿಡಿಸಿ ಬಾಟಲಿಗೆ ಅಂಟಿಸುತ್ತಿದ್ದೆವು. ಒಂದು ಹಲ್ಲು ಎಂದರೆ ಒಂದು ಡೋಸು. ಓದು ಬರಹ ಬಾರದವರೂ ಹಲ್ಲು ನೋಡಿ ಕುಡಿಯುತ್ತಿದ್ದರು. ನಾನು ಕತ್ತರಿಸಿದ ಹಲ್ಲುಗಳಲ್ಲಿ ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ ಎಂಬುದನ್ನು ಆತ್ಮಪ್ರಶಂಸೆಯ ಸಂಕೋಚವಿಲ್ಲದೆ ಇಲ್ಲಿ ದಾಖಲಿಸುತ್ತೇನೆ; ನಾನಲ್ಲದೆ ಬೇರೆ ಯಾರೂ ದಾಖಲಿಸುವ ಲಕ್ಷಣ ಕಾಣುತ್ತಿಲ್ಲ.

ಇನ್ನು ತಾಂಬ್ಯಾನ ವಿಷಯ. ಅವನು ನಮ್ಮ ಮನೆಗೆ ಬಂದದ್ದು ಕುಲಗೋಡದ ಲಕ್ಕಪ್ಪನ ಕೈಚೀಲದಲ್ಲಿ ಕುಳಿತು, ಗೋಕಾಕದ ಬಸ್ಸಿನಲ್ಲಿ. ಲಕ್ಕಪ್ಪ ಕುರಿ ಸಾಕುವ ಮನೆತನದವನು. ನಾನು ಮೂಡಲಗಿ ಕಡೆ ಇದ್ದಾಗ ಅವನ ಕೆಮ್ಮು ನನ್ನ ಔಷಧಿಯಿಂದ ಹೋಯಿತು ಎಂದು ನಂಬಿದ್ದಾನೆ. ಆ ಕೆಮ್ಮು ತಾನಾಗಿಯೇ ಹೋಗುವ ಹಂತದಲ್ಲಿತ್ತು ಎಂಬುದನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ. ಮೂರು ವರ್ಷದ ಹಿಂದೆ ಚೀಲದ ಬಾಯಿ ಬಿಚ್ಚಿ, "ಮುಧೋಳ ಜಾತೀದ ಐತ್ರಿ ಸಾಹೇಬ್ರ, ಓಡಾಕ ನಿಂತ್ರ ಮೊಲಾ ಸೈತ ಹಿಂದ ಬೀಳತೈತಿ" ಎಂದು ಮರಿಯನ್ನು ಅಂಗಳದಲ್ಲಿ ಬಿಟ್ಟ. ಮರಿಯ ಮೈಬಣ್ಣ ತಿಕ್ಕಿ ತೊಳೆದ ತಾಮ್ರದ ತಂಬಿಗೆಯಂತೆ ಇದ್ದುದರಿಂದ ತಾಂಬ್ಯಾ ಎಂದು ಹೆಸರಾಯಿತು. ಬೆಳೆದ ಮೇಲೆ ನೋಡಿದರೆ ನಾಲ್ಕು ಕಾಲು ಮಾತ್ರ ಮುಧೋಳದವು. ಹೊಟ್ಟೆ, ಕಿವಿ, ಬಾಲ, ಸ್ವಭಾವ ಎಲ್ಲವೂ ಗೋಕಾಕ ಬಸ್ ಸ್ಟ್ಯಾಂಡಿನವು. ಮೊಲದ ಹಿಂದೆ ಓಡುವುದಿರಲಿ, ನಮ್ಮ ಓಣಿಯ ಕೋಳಿಗಳು ಎದುರಾದರೆ ಬದಿಗೆ ಸರಿದು ದಾರಿ ಬಿಡುತ್ತಿದ್ದ.

ಆದರೆ ನಾನು ಚಪ್ಪಲಿ ಮೆಟ್ಟಿದರೆ ಎದ್ದು ನಿಲ್ಲುವ ಜೀವ ಈ ಭೂಮಿಯ ಮೇಲೆ ಅವನೊಬ್ಬನೇ. ಸರಕಾರಿ ನೌಕರಿಯಲ್ಲಿ ನನ್ನ ಕೆಳಗೆ ಯಾರೂ ಇರಲಿಲ್ಲ. ನಿವೃತ್ತಿಯ ನಂತರ ಒಬ್ಬ ಸಿಕ್ಕಿದ್ದ.

ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ಮನೆಗಳಲ್ಲಿ ಹಿಟ್ಟಿನ ಕೊನೆಯ ಮುದ್ದೆ ನಾಯಿಯ ಪಾಲು. ಅದನ್ನು ಸಣ್ಣದಾಗಿ ಬಡಿದು ಕಟ್ಟೆಯ ಮೇಲೆ ಇಡುತ್ತಾರೆ. ಹೀಗಾಗಿ ತಾಂಬ್ಯಾನ ಹೆಸರು ನಮ್ಮ ರೇಷನ್ ಕಾರ್ಡಿನಲ್ಲಿ ಇಲ್ಲದಿದ್ದರೂ ಊಟ ನಾಲ್ಕು ಮನೆಗಳಲ್ಲಿ ನಡೆಯುತ್ತಿತ್ತು. ಒಂದು ದಿನ ಮಧ್ಯಾಹ್ನ ನಾಲ್ಕೂ ಕಟ್ಟೆಯ ಮೇಲೆ ನಾಲ್ಕು ಸಣ್ಣ ರೊಟ್ಟಿಗಳು ಬಿಸಿಲಿಗೆ ಒಣಗಿ ಹಪ್ಪಳವಾಗಿ ಬಿದ್ದಿದ್ದವು. ತಾಂಬ್ಯಾ ನೀರಿನ ಹಂಡೆಯ ಹಿಂದೆ ಮುಖ ಗೋಡೆಗೆ ಮಾಡಿ ಮಲಗಿದ್ದ. ಮೈ ಮುಟ್ಟಿದರೆ ಸುಡುತ್ತಿತ್ತು.

ಪಶು ದವಾಖಾನೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಖಡಕ್ಕು. ರಕ್ತ ನೋಡಿ, "ಉಣ್ಣಿ ಜ್ವರ ಐತ್ರಿ. ಇಪ್ಪತ್ತೊಂದ ದಿನ, ಮುಂಜಾನೆ ಒಂದು, ಸಂಜೀಕ ಒಂದು ಗುಳಿಗಿ. ಒಂದ ಹೊತ್ತೂ ತಪ್ಪಬಾರದು. ನಡುವ ಬಿಟ್ರ ಜ್ವರ ತಿರುಗಿ ಬರತೈತಿ, ಆವಾಗ ನಾ ಏನೂ ಖಾತ್ರಿ ಕೊಡಾಕ ಆಗೂದಿಲ್ಲ" ಎಂದರು. ಹಾಲು, ಖೋವಾ, ಕುಂದಾ ಜೊತೆ ಕೊಡಬಾರದು, ಔಷಧಿಗೆ ಆಗಿಬರುವುದಿಲ್ಲ. ಕರದಂಟಿನಲ್ಲಿ ಇಟ್ಟು ಕೊಡಬಹುದೇ ಎಂದು ನಾನು ಕೇಳಿದೆ. "ಅದರಾಗ ಒಣದ್ರಾಕ್ಷಿ ಇರತೈತಿ, ನಾಯಿಗೆ ವಿಷಾ ಅದು" ಎಂದರು. ಗೋಕಾಕದಲ್ಲಿ ವಾಸಿಸುವ ಪ್ರಾಣಿಗೆ ಕರದಂಟು ವರ್ಜ್ಯ ಎಂದು ಕೇಳಿ ನನಗೆ ಅವನ ಮೇಲೆ ಇನ್ನಷ್ಟು ಕನಿಕರ ಬಂತು. ಕಡೆಗೆ ಡಾಕ್ಟರಮ್ಮ, "ನುಂಗಿಸಾಕ ಬರತೈತಿಲ್ರಿ ನಿಮಗ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಮೂವತ್ತನಾಲ್ಕು ವರ್ಷದ ಸೇವೆ ಆ ನಗೆಯಲ್ಲಿತ್ತು. ಈಗ ನೆನೆಸಿದರೆ ಮೈ ಬೆವರುತ್ತದೆ.

ಮೊದಲ ದಿನ ನಾನು ಕುರ್ಚಿಯ ಮೇಲೆ ಕುಳಿತು, ಕನ್ನಡಕ ಏರಿಸಿ, ಗುಳಿಗೆಯನ್ನು ಅಂಗೈಯಲ್ಲಿ ಇಟ್ಟು, "ತಾಂಬ್ಯಾ, ಬಾಯಿ ತಗಿ" ಎಂದೆ. ನನ್ನ ಧ್ವನಿಯಲ್ಲಿ ಅಧಿಕಾರವಿತ್ತು. ತಾಂಬ್ಯಾ ಸ್ವಲ್ಪ ತೆರೆದಿದ್ದ ಬಾಯಿಯನ್ನೂ ಬಿಗಿದುಕೊಂಡ. ಎರಡನೆಯ ಪ್ರಯೋಗವಾಗಿ ಗುಳಿಗೆಯನ್ನು ಒರಳಿನಲ್ಲಿ ಪುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕಲಸಿ, ಹಳೆಯ ಬಾಟಲಿಯಲ್ಲಿ ತುಂಬಿ, ಅಭ್ಯಾಸ ಬಲದಿಂದ ಹಲ್ಲಿನ ಪಟ್ಟಿಯನ್ನೂ ಕತ್ತರಿಸಿ ಅಂಟಿಸಿದೆ. "ಪಟ್ಟಿ ಓದಾಕ ಬರತೈತೇನ್ರಿ ಅದಕ್ಕ?" ಎಂದು ಮನೆಯಾಕೆ ಕೇಳಿದಳು. ಪಟ್ಟಿಯನ್ನು ಓದದಿದ್ದರೂ ವಾಸನೆಯನ್ನು ಅವನು ಬಹಳ ಚೆನ್ನಾಗಿ ಓದಿದ.

ಕಡೆಗೆ ರೊಟ್ಟಿಯ ತುಂಡಿನಲ್ಲಿ ಶೇಂಗಾ ಹಿಂಡಿ ಸವರಿ, ನಡುವೆ ಗುಳಿಗೆ ಅಡಗಿಸಿ ಕೊಟ್ಟೆ. ಗಬಕ್ಕನೆ ತಿಂದ! ತಿಂದು, ನನ್ನ ಕಡೆಗೆ ಒಮ್ಮೆ ಸಂಭಾವಿತನಂತೆ ನೋಡಿ, ತನ್ನ ಕೌದಿಯ ಮೇಲೆ ಹೋಗಿ ಮಲಗಿದ. ಮೂರು ದಿನ ಹೀಗೆ ಆರು ಗುಳಿಗೆ ನಡೆದವು. ನಾನು ಓಣಿಯ ತುಂಬ ಹೇಳಿಕೊಂಡು ಬಂದೆ. ಪ್ರಾಣಿಗಳಿಗೆ ಔಷಧಿ ಕೊಡುವ ತತ್ವಗಳ ಬಗ್ಗೆ ಕಟ್ಟೆಯ ಮೇಲೆ ಕುಳಿತು ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ನಾಲ್ಕನೆಯ ದಿನ ಬೆಳಿಗ್ಗೆ ಮನೆಯಾಕೆ ಕೌದಿ ಝಾಡಿಸಿದಳು. ಟಪ್, ಟಪ್ ಎಂದು ಆರು ಗುಳಿಗೆ ಅಂಗಳದಲ್ಲಿ ಉದುರಿದವು. ಹಿಂಡಿಯ ಲವಲೇಶವೂ ಇಲ್ಲದೆ, ಈಗಷ್ಟೆ ಡಬ್ಬಿಯಿಂದ ತೆಗೆದಂತೆ ಸ್ವಚ್ಛವಾಗಿದ್ದವು.

ನನಗೆ ಹುಕ್ಕೇರಿ ಕಡೆಯ ಹಳ್ಳಿಯ ಒಬ್ಬ ಅಜ್ಜಿ ನೆನಪಾದಳು. ಆಕೆ ಪ್ರತಿ ಸಲ ಗುಳಿಗೆ ತೆಗೆದುಕೊಂಡು, "ಹೂಂನ್ರಿ, ಊಟಾದ ಮ್ಯಾಲ" ಎಂದು ಬಹಳ ಭಯಭಕ್ತಿಯಿಂದ ಹೇಳಿ, ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಚೆಲ್ಲಿ ಹೋಗುತ್ತಿದ್ದಳು. ಅಲ್ಲಿನ ಕೋಳಿಗಳಷ್ಟು ಆರೋಗ್ಯವಂತ ಕೋಳಿಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆದರೆ ಈ ಸಲ ನಗು ಬರಲಿಲ್ಲ. ಅಂದು ಸಂಜೆ ತಾಂಬ್ಯಾನಿಗೆ ಎದ್ದು ನಿಲ್ಲಲು ಆಗಲಿಲ್ಲ. ನಾನು ಚಪ್ಪಲಿ ಮೆಟ್ಟಿದೆ. ಮುಂಗಾಲು ಊರಿ ಎದ್ದ, ಹಿಂಗಾಲು ಜಾರಿತು, ಬಾಲ ಮಾತ್ರ ಎರಡು ಸಲ ನೆಲಕ್ಕೆ ಬಡಿಯಿತು. ಅವನನ್ನು ಚಾದರದಲ್ಲಿ ಸುತ್ತಿ ಆಟೋದಲ್ಲಿ ಮತ್ತೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಒಂದು ಇಂಜೆಕ್ಷನ್ ಕೊಟ್ಟು, "ನಾಳಿಂದ ಮೊದಲಿನಿಂದ ಶುರು ಮಾಡ್ರಿ. ಈಗ ಒಂದೂ ತಪ್ಪಂಗಿಲ್ಲ, ಇದಕ್ಕ ಈ ಸಲ ತಡಕೊಳ್ಳು ತಾಕತ್ತಿಲ್ಲ" ಎಂದರು. ನನಗೆ ನುಂಗಿಸಲು ಬರುತ್ತದೆಯೇ ಎಂದು ಈ ಸಲ ಕೇಳಲಿಲ್ಲ. ಅದು ಅವರ ಸೌಜನ್ಯ.

ಮನೆಗೆ ಬಂದು ನಲವತ್ತೆರಡು ಹಲ್ಲಿನ ಒಂದು ಉದ್ದ ಪಟ್ಟಿ ಕತ್ತರಿಸಿ ಬಾಗಿಲ ಚೌಕಟ್ಟಿಗೆ ಅಂಟಿಸಿದೆ. ಒಂದು ಗುಳಿಗೆ ಹೊಟ್ಟೆಗೆ ಹೋದರೆ ಒಂದು ಹಲ್ಲು ಹರಿಯಬೇಕು. ನನಗೆ ಬರುತ್ತಿದ್ದದ್ದು ಅಷ್ಟೆ.

ಮನೆಯಾಕೆ ಲಕ್ಕಪ್ಪನಿಗೆ ಫೋನು ಮಾಡಿದ್ದಳು. ಅವನು ಮರುದಿನ ಮೊದಲ ಬಸ್ಸಿಗೇ ಬಂದ. ಕಂಬಳಿಯೊಳಗಿಂದ ಒಂದು ಗೊಟ್ಟ ತೆಗೆದ. ಗೊಟ್ಟವೆಂದರೆ ಬಿದಿರಿನ ಕೊಳವೆ. ಒಂದು ತುದಿಯನ್ನು ಓರೆಯಾಗಿ ಕೊಯ್ದಿರುತ್ತಾರೆ. ಕುರಿಯನ್ನು ತೊಡೆಗಳ ನಡುವೆ ಹಿಡಿದು, ಗೊಟ್ಟದ ತುದಿಯನ್ನು ಬಾಯಿಯ ಮೂಲೆಯಲ್ಲಿ ಇಟ್ಟು ಔಷಧಿ ಹೊಯ್ಯುವುದು ಅವರ ಪದ್ಧತಿ. "ನೂರಾರು ಕುರಿಗೆ ಹೊಯ್ದ ಗೊಟ್ಟ ಐತ್ರಿ ಇದು. ಇದೊಂದ ನಾಯಿ ಏನ ದೊಡ್ಡದು?" ಎಂದು ಕಚ್ಚೆ ಕಟ್ಟಿ ಕೂತ. ಎದ್ದು ನಿಲ್ಲಲಾರದ ತಾಂಬ್ಯಾನಿಗೆ ಎಲ್ಲಿಂದ ಶಕ್ತಿ ಬಂತೋ, ಲಕ್ಕಪ್ಪನ ಕೈಗೆ ಏನೂ ಮಾಡಲಿಲ್ಲ, ಗೊಟ್ಟವನ್ನು ಮಾತ್ರ ಕರಕರನೆ ಅಗಿದು ಎರಡು ಹೋಳು ಮಾಡಿದ. ಲಕ್ಕಪ್ಪ ಎರಡೂ ಹೋಳು ಕೈಯಲ್ಲಿ ಹಿಡಿದು ಹಲ್ಲಿನ ಗುರುತು ನೋಡಿ, "ಹಲ್ಲ ಮಾತ್ರ ಖರೇವಂದ್ರೂ ಮುಧೋಳದಾವು ನೋಡ್ರಿ" ಎಂದ. ಅವನಿಗೆ ಅದರಲ್ಲಿಯೂ ಒಂದು ಸಮಾಧಾನವಿತ್ತು.

ಈ ಗದ್ದಲಕ್ಕೆ ಬಾಜೂ ಮನೆಯ ಹಸೀನಾಬಿ ಬಂದು ಗೇಟಿನಲ್ಲಿ ನಿಂತರು. ಬಳೆ ತೊಡಿಸುವುದು ಅವರ ಮನೆತನದ ಕಸುಬು. ಅರವತ್ತು ದಾಟಿದರೂ ಬಳೆಗಳ ಮಲಾರ ಹೆಗಲಿಗೆ ಹಾಕಿಕೊಂಡು ಅಂಕಲಗಿ, ಕೌಜಲಗಿಯ ಕಡೆ ಬಸ್ಸು ಹತ್ತುತ್ತಾರೆ. ಅವರು ಲಕ್ಕಪ್ಪನನ್ನು, ನನ್ನನ್ನು, ಬಿದಿರಿನ ಹೋಳುಗಳನ್ನು ಸರದಿಯಂತೆ ನೋಡಿದರು.

"ಭಾಯಿಸಾಬ್, ಇಬ್ರ ಗಂಡಸರು ಕೂಡಿ ಒಂದ ಜಡ್ಡಿನ ನಾಯಿ ಜೋಡಿ ಕುಸ್ತಿ ಹಿಡದೀರೇನ್?"

"ಗುಳಿಗಿ ನುಂಗವಲ್ದು, ಬೇನ್" ಎಂದೆ. ಬೇನ್ ಎಂದರೆ ಅವರ ಮಾತಿನಲ್ಲಿ ತಂಗಿ.

"ಹೆಂಗ ನುಂಗತೈತಿ? ನೀವಿಬ್ರೂ ಅದರ ಬಾಯಿ ನೋಡಾಕತ್ತೀರಿ. ಮಾರಿ ಯಾರ ನೋಡ್ಯಾರ?" ಎಂದು ಮಲಾರವನ್ನು ಗೂಟಕ್ಕೆ ಹಾಕಿ ಕಟ್ಟೆಯ ಮೇಲೆ ಕುಳಿತರು. "ಇಲ್ಲಿ ಕೊಡ್ರಿ ಆ ಗುಳಿಗಿ. ಅದನ್ನ ನನ್ನ ಬಾಜೂ ತರ್ರಿ."

ನನಗೆ ಒಂದು ಸಂಕೋಚವಿತ್ತು. ನಾಯಿಯ ಎಂಜಲು ತಾಗಿದರೆ ಅವರಲ್ಲಿ ಕೈ ಶುದ್ಧ ಮಾಡಿಕೊಳ್ಳುವ ಕಟ್ಟುನಿಟ್ಟು ಇದೆ ಎಂಬುದು ಗೊತ್ತಿತ್ತು. "ಬ್ಯಾಡ್ರಿ ಬೇನ್, ನಿಮಗ ನಮಾಜಿನ ಹೊತ್ತಿಗೆ..." ಎಂದೆ.

"ಏಳ ಸಲ ತೊಳೀಬೇಕು, ಒಂದ ಸಲ ಮಣ್ಣ ಹಚ್ಚಿ. ನಿಮ್ಮ ನಳದಾಗ ನೀರ ಐತಿಲ್ಲೋ? ಮತ್ತ? ಆ ತ್ರಾಸ ನನಗಿರಲಿ, ನೀವ ಸುಮ್ಮ ಕುಂಡ್ರಿ."

ಆಮೇಲೆ ನಡೆದದ್ದನ್ನು ನಾನು ಎರಡೂ ಕಣ್ಣಿನಿಂದ ನೋಡಿಯೂ ನೋಡಲಿಲ್ಲ. ಅವರು ತಾಂಬ್ಯಾನ ತಲೆಯನ್ನು ಮೊಣಕಾಲಿಗೆ ಆನಿಸಿಕೊಂಡು, ಬಳೆ ತೊಡಲು ಬಂದ ಹುಡುಗಿಯ ಕೂಡ ಮಾತನಾಡುವಂತೆ ಶುರು ಮಾಡಿದರು. "ಏನ್ ಬೇಟಾ, ತವರಮನಿ ಕುಲಗೋಡಂತ ಹೌದಾ? ಅಯ್ಯ, ಬಾಳ ಛಲೋ ಊರು ತಗೋ. ಅತ್ತಿ ಹೆಂಗದಾಳ? ಜ್ವಾಳದ ರೊಟ್ಟಿ ಹಾಕ್ತಾಳೋ, ಬರೇ ಬೈತಾಳೋ? ಮಾವ ಹೆಂಗದಾನ? ಬಾಳ ಮಾತಾಡ್ತಾನ? ಆಡಲಿ ಬಿಡು, ರಿಟೈರ ಆಗ್ಯಾನ..." ಮಾತು ನಡೆದೇ ಇತ್ತು. ಎಡಗೈ ಹೆಬ್ಬೆರಳು ತಾಂಬ್ಯಾನ ದವಡೆಯ ಮೂಲೆಯನ್ನು ಮೆಲ್ಲಗೆ ಒತ್ತುತ್ತಿತ್ತು, ಹುಡುಗಿಯರ ಅಂಗೈಯ ಬುಡವನ್ನು ಒತ್ತಿ ಒತ್ತಿ ಮೆತ್ತಗೆ ಮಾಡುವ ಹಾಗೆ. ಅವನ ಕಿವಿ ಇಳಿಯಿತು, ಕಣ್ಣು ಅರ್ಧ ಮುಚ್ಚಿತು. ಬಲಗೈ ಯಾವಾಗ ಬಾಯೊಳಗೆ ಹೋಗಿ ಬಂತೋ ತಿಳಿಯದು. ಬಾಯಿ ಮುಚ್ಚಿ ಹಿಡಿದು, ಗಂಟಲು ಸವರಿದರು. ಗುಟುಕ್. ಹಿಂದೆಯೇ ಒಂದು ಚಮಚ ನೀರು.

"ಆತು. ಬಳಿ ಏರಿಸಿದಂಗ. ಕೈ ಬಿಗಿ ಹಿಡದ ಹುಡಿಗಿ ಕೂಡ ಜುಲಮಿ ಮಾಡಿದ್ರ ಬಳಿ ಒಡೀತೈತಿ, ಕೈಯಾಗ ರಗತ ಬರತೈತಿ. ಅತ್ತಿಮನಿ ಸುದ್ದಿ ತಗದ್ರ ಕೈ ತಾನ ಮೆತ್ತಗ ಆಗತೈತಿ" ಎಂದು ಎದ್ದು ನಳದ ಕಡೆ ನಡೆದರು. ನಾನು ಬಾಗಿಲಿಗೆ ಹೋಗಿ ಮೊದಲ ಹಲ್ಲು ಹರಿದೆ.

ಅಂದಿನಿಂದ ಹದಿಮೂರು ದಿನ, ಮುಂಜಾನೆ ಬಸ್ಸಿಗೆ ಹೋಗುವ ಮೊದಲು ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ, ಹಸೀನಾಬಿ ನಮ್ಮ ಕಟ್ಟೆಗೆ ಬಂದರು. ಮನೆಯಾಕೆ ಹೊಲದಿಂದ ಸ್ವಚ್ಛ ಮಣ್ಣು ತರಿಸಿ, ಜರಡಿ ಹಿಡಿದು, ನಳದ ಹತ್ತಿರ ಒಂದು ಕುಡಿಕೆಯಲ್ಲಿ ಇಟ್ಟಳು. ಇಪ್ಪತ್ತಾರು ಗುಳಿಗೆ, ಪ್ರತಿ ಗುಳಿಗೆಗೆ ಏಳು ಸಲ ಕೈ ತೊಳೆದರು. ಒಂದು ಸಲವೂ ಆರಕ್ಕೆ ನಿಲ್ಲಿಸಲಿಲ್ಲ, ಒಂದು ಸಲವೂ ಮುಖ ಗಂಟು ಹಾಕಲಿಲ್ಲ. ನಾವು ಏನಾದರೂ ಹೇಳಲು ಹೋದರೆ, "ನನ್ನ ಜೋಡಿ ಮಾತಾಡಬ್ಯಾಡ್ರಿ ಭಾಯಿಸಾಬ್, ಲೆಕ್ಕ ತಪ್ಪತೈತಿ" ಎನ್ನುತ್ತಿದ್ದರು. ನಾನು ನನ್ನ ಸೇವಾವಧಿಯಲ್ಲಿ ಎಷ್ಟೋ ಜನರಿಂದ ಕೈ ಮುಗಿಸಿಕೊಂಡಿದ್ದೇನೆ. ನಳದ ಹತ್ತಿರ ಬಗ್ಗಿ ಕೈ ತೊಳೆಯುತ್ತಿದ್ದ ಆ ಹೆಂಗಸಿನ ಬೆನ್ನಿಗೆ ನಾನು ದಿನಕ್ಕೆ ಎರಡು ಸಲ ಮನಸ್ಸಿನಲ್ಲೇ ಕೈ ಮುಗಿದೆ. ಎದುರಿಗೆ ಮುಗಿದಿದ್ದರೆ ಬೈಯುತ್ತಿದ್ದರು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಅವರು ಕೈಯಲ್ಲಿ ಗಂಟು ಹಿಡಿದು ಬಂದರು. ಹುಕ್ಕೇರಿಯಲ್ಲಿದ್ದ ಮಗಳಿಗೆ ಡಾಕ್ಟರು ಹೇಳಿದ್ದ ದಿನಕ್ಕಿಂತ ಎಂಟು ದಿನ ಮೊದಲೇ ಹೆರಿಗೆಯಾಗಿತ್ತು. "ಹೆಣ್ಣ ಕೂಸು. ಬಸ್ಸಿಗೆ ಹೊತ್ತಾತು. ಇನ್ನ ನೀವ ಕೊಡ್ರಿ" ಎಂದರು. ಪಟ್ಟಿಯಲ್ಲಿ ಇನ್ನೂ ಹದಿನಾರು ಹಲ್ಲು ಇದ್ದವು.

"ಬೇನ್, ನನಗ ಆ ಕೈಗುಣ ಇಲ್ಲ."

"ಕೈದು ಏನೂ ಇಲ್ರಿ, ಕೈ ಕೆಲಸ ಕೈ ಮಾಡತೈತಿ. ನೀವ ಮಾತಾಡ್ರಿ, ಅಷ್ಟ. ಅದರ ಕೂಡ ಮಾತಾಡ್ರಿ" ಎಂದು ಹೊರಟೇಬಿಟ್ಟರು.

ನಾನು ಕಟ್ಟೆಯ ಮೇಲೆ ಕುಳಿತೆ. ತಾಂಬ್ಯಾ ಈಗ ನಾಲ್ಕು ಕಾಲಿನ ಮೇಲೆ ನಿಲ್ಲುತ್ತಿದ್ದ, ಒಂದು ರೊಟ್ಟಿ ತಿನ್ನುತ್ತಿದ್ದ. ಹಸೀನಾಬಿಯ ದಾರಿ ನೋಡುತ್ತ ಬಂದು ಕುಳಿತ, ಅವರಿರಲಿಲ್ಲ, ನಾನಿದ್ದೆ. ನಾನು ಗಂಟಲು ಸರಿಮಾಡಿಕೊಂಡು, "ಏನಪಾ ತಾಂಬ್ಯಾ, ಆರಾಮ ಅದೀ?" ಎಂದೆ. ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ. "ಜ್ವರ ಎಷ್ಟ ದಿನದಿಂದ ಐತಿ?" ಎಂದೆ. ಅಡುಗೆಮನೆಯಿಂದ ಧ್ವನಿ ಬಂತು: "ಮಾತಾಡ್ರಿ ಅಂದ್ರ ಚೀಟಿ ಬರದಂಗ ಕೇಳಾಕತ್ತೀರಲ್ರಿ!" ಮೂವತ್ತನಾಲ್ಕು ವರ್ಷ ಕಿಟಕಿಯ ಹಿಂದೆ ಕುಳಿತವನಿಗೆ, ಮುಂದೆ ಕೂತ ಒಂದು ಜೀವದ ಕೂಡ ಏನು ಮಾತನಾಡಬೇಕೆಂದು ಗೊತ್ತಿರಲಿಲ್ಲ. ಎಂಟೂವರೆ ಆಯಿತು, ಒಂಬತ್ತಾಯಿತು. ಎರಡು ಸಲ ದವಡೆ ಮುಟ್ಟಿದೆ, ಎರಡು ಸಲವೂ ಅವನು ಹಲ್ಲು ಕಚ್ಚಿದ. ಗುಳಿಗೆ ನನ್ನ ಬೆವರಿನಲ್ಲಿ ಕರಗತೊಡಗಿತ್ತು. ತಡಕೊಳ್ಳುವ ತಾಕತ್ತಿಲ್ಲ ಎಂದ ಡಾಕ್ಟರಮ್ಮನ ಮಾತು ಕಿವಿಯಲ್ಲಿ ಇತ್ತು.

ಬೇರೆ ದಾರಿ ಕಾಣದೆ, ನನಗೆ ಬರುವ ಒಂದೇ ಕಥೆಯನ್ನು ಹೇಳತೊಡಗಿದೆ. ಅದು ನಾನು ಹುಕ್ಕೇರಿ ಕಡೆಯಿಂದ ಮೂಡಲಗಿಗೆ ವರ್ಗವಾಗಿ ಬಂದ ಕಥೆ. ಸಾಮಾನು ಹೇರಲು ಒಂದು ಕಬ್ಬಿನ ಟ್ರಾಕ್ಟರು ಸಿಕ್ಕಿತ್ತು. ಅದರ ಚಾಲಕ ಇಡೀ ಹಂಗಾಮು ಕಬ್ಬು ಹೊಡೆದವನು. ದಾರಿಯಲ್ಲಿ ಸಕ್ಕರೆ ಕಾರ್ಖಾನೆಯ ತಿರುವು ಬಂದಾಗ ಅವನ ಕೈ ತಾನಾಗಿಯೇ ಸ್ಟೇರಿಂಗನ್ನು ಅತ್ತ ತಿರುಗಿಸಿತು. ಎಚ್ಚರವಾಗುವಷ್ಟರಲ್ಲಿ ಮುಂದೆ ಮೂವತ್ತು ಟ್ರಾಕ್ಟರು, ಹಿಂದೆ ಇಪ್ಪತ್ತು. ಸಾಲಿನಿಂದ ಹೊರಬರಲು ಜಾಗವಿಲ್ಲ. ನಮ್ಮ ಮಂಚ, ಹಂಡೆ, ಜೋಳದ ಚೀಲ, ಅದರ ಮೇಲೆ ಕುಳಿತ ನಮ್ಮ ಮನೆಯಾಕೆ, ಎಲ್ಲರೂ ಕಬ್ಬಿನ ಜೊತೆಗೆ ಸರದಿಯಲ್ಲಿ ಇಂಚು ಇಂಚಾಗಿ ಮುಂದೆ ಹೋದೆವು. "ಆರ ತಾಸು ತಾಂಬ್ಯಾ, ಆರ ತಾಸು!" ಎಂದೆ. ಒಳಗಿಂದ "ಮೂರ ತಾಸು" ಎಂಬ ತಿದ್ದುಪಡಿ ಬಂತು. ನಾನು ಲಕ್ಷ್ಯ ಕೊಡಲಿಲ್ಲ. ಗುಳಿಗೆಯನ್ನೂ ಮರೆತಿದ್ದೆ. ತೂಕದ ಕಟ್ಟೆಯ ಮೇಲೆ ನಮ್ಮ ಟ್ರಾಕ್ಟರು ಏರಿ, ತೂಕದವನು ಮೇಲೆ ನೋಡಿ, "ಇದ್ಯಾವ ಜಾತಿ ಕಬ್ಬೋ?" ಎಂದು ಕೇಳಿದ ಘಟ್ಟಕ್ಕೆ ಬಂದೆ. ಇಲ್ಲಿ ಎಲ್ಲರೂ ನಗಬೇಕು. ನಾನು ನಗುವಿಗಾಗಿ ತಾಂಬ್ಯಾನ ಮುಖ ನೋಡಿದೆ.

ತಾಂಬ್ಯಾ ಆಕಳಿಸಿದ.

ಸಾಮಾನ್ಯ ಆಕಳಿಕೆಯಲ್ಲ. ನಾಲಿಗೆ ಸುರುಳಿ ಸುತ್ತಿ, ಅಂಗುಳಿನ ಗೆರೆಗಳೆಲ್ಲ ಕಾಣುವಂತೆ, ಗವಿಯ ಬಾಗಿಲು ತೆರೆದಂತೆ ತೆರೆದ. ಕೈ ಕೆಲಸವನ್ನು ಕೈ ಮಾಡಿತು. ಗುಳಿಗೆ ನಾಲಿಗೆಯ ಬುಡದಲ್ಲಿ ಬಿತ್ತು, ಬಾಯಿ ಮುಚ್ಚಿತು, ಗಂಟಲು ಸವರಿದೆ. ಗುಟುಕ್.

ನಾನು ಎದ್ದು ಹಲ್ಲು ಹರಿಯಲು ಹೋದಾಗ ಮನೆಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಆ ಕಥಿ ಕೇಳಿ ನಾನೂ ಎಷ್ಟ ವರ್ಷ ಹಿಂಗ ಆಕಳಿಸೇನಿ. ಯಾರಿಗೂ ಉಪಯೋಗ ಆಗಿದ್ದಿಲ್ಲ" ಎಂದಳು.

ಅಲ್ಲಿಂದ ಎಂಟು ದಿನ, ಹದಿನಾರು ಕಥೆ. ಬೇವಿನ ಬುಡದ ಅಜ್ಜಿ, ಔಷಧಿ ಕೋಣೆಯ ಕೀಲಿ ಕಳೆದು ಮೂರು ಹಳ್ಳಿ ಹುಡುಕಿದ್ದು, ಲಕ್ಕಪ್ಪನ ಕೆಮ್ಮು, ಎಲ್ಲ ಹೊರಬಂದವು. ಕಿಟಕಿಯಾಚೆಯ ಕೈಗಳಿಗೆ ಒಂದೊಂದಾಗಿ ಮುಖಗಳು ನೆನಪಾಗತೊಡಗಿದವು. ಮೂವತ್ತನಾಲ್ಕು ವರ್ಷ ಬಗ್ಗಿ ನೋಡದವನು ಈಗ ಒಂದು ನಾಯಿಯ ಸಲುವಾಗಿ ಬಗ್ಗಿ ನೋಡಿದೆ. ಆರನೆಯ ದಿನಕ್ಕೆ ಸರಕು ತೀರಿ, ಟ್ರಾಕ್ಟರಿನ ಕಥೆಯನ್ನೇ ಮತ್ತೆ ಹೇಳಿದೆ. ಈ ಸಲ ತಾಂಬ್ಯಾ ತೂಕದ ಕಟ್ಟೆಯವರೆಗೂ ಕಾಯಲಿಲ್ಲ. ಹುಕ್ಕೇರಿ ದಾಟುವ ಮೊದಲೇ ಆಕಳಿಸಿದ. ನನಗೆ ಸ್ವಲ್ಪ ಬೇಸರವಾಯಿತು, ಔಷಧಿಯ ದೃಷ್ಟಿಯಿಂದ ಮಾತ್ರ ಅನುಕೂಲವಾಯಿತು.

ಪಟ್ಟಿಯ ಕೊನೆಯ ಹಲ್ಲು ಹರಿದ ಮರುದಿನ ಡಾಕ್ಟರಮ್ಮ ರಕ್ತ ನೋಡಿ, "ಗುಣಾ ಆಗೇತ್ರಿ. ಇನ್ನ ಗುಳಿಗಿ ಬ್ಯಾಡ" ಎಂದರು. ನಾನು ಸಂತೋಷದಲ್ಲಿ ನನ್ನ ವಿಧಾನವನ್ನು ವಿವರಿಸಿದೆ. ಕಥೆ ಕೇಳಿ ಬೇಸರ ಬಂದು ನಾಯಿ ಆಕಳಿಸುತ್ತದೆ ಎಂದು ವಿನಯದಿಂದಲೇ ಹೇಳಿದೆ. ಅವರು ತಲೆ ಅಲ್ಲಾಡಿಸಿ, "ನಾಯಿ ಬ್ಯಾಸರಕ್ಕ ಅಷ್ಟ ಆಕಳಿಸೂದಿಲ್ರಿ. ಮನಸ್ಸಿಗೆ ತ್ರಾಸ ಆದ್ರೂ ಆಕಳ್ಸತಾವ" ಎಂದರು. ಮನೆಯಾಕೆ ಅಲ್ಲೇ ಇದ್ದಳು. ಇಲ್ಲದಿದ್ದರೆ ಈ ಶಾಸ್ತ್ರೀಯ ಅಂಶವನ್ನು ನಾನು ಗುಪ್ತವಾಗಿ ಇಡಬಹುದಿತ್ತು.

ಹಸೀನಾಬಿ ಹುಕ್ಕೇರಿಯಿಂದ ಬಂದು, ಗೇಟಿನಲ್ಲೇ ನಿಂತು ತಾಂಬ್ಯಾನನ್ನು ಮೇಲಿನಿಂದ ಕೆಳಗೆ ನೋಡಿ, "ಬಂದೆ ಬೇಟಾ, ಅತ್ತಿ ಹೆಂಗ ನೋಡಿಕೊಂಡ್ಲು?" ಎಂದರು. ಅವನು ಕೋಳಿಗಳಿಗೂ ದಾರಿ ಬಿಡದೆ ಓಡಿ ಹೋಗಿ ಅವರ ಎರಡೂ ಕೈ ನೆಕ್ಕಿಬಿಟ್ಟ. "ಯಾ ಅಲ್ಲಾ!" ಎಂದು ಕೂಗಿ, ನಗುತ್ತ, ನೇರವಾಗಿ ನಮ್ಮ ನಳಕ್ಕೆ ಹೋದರು. ಮಣ್ಣಿನ ಕುಡಿಕೆ ಇದ್ದಲ್ಲೇ ಇತ್ತು. ಮನೆಯಾಕೆ ಅದನ್ನು ತೆಗೆದಿರಲಿಲ್ಲ, ಈಗಲೂ ತೆಗೆದಿಲ್ಲ. ಅವರು ಏಳು ಸಲ ತೊಳೆಯುವವರೆಗೆ ನಾವಿಬ್ಬರೂ ಸುಮ್ಮನೆ ನಿಂತಿದ್ದೆವು, ಲೆಕ್ಕ ತಪ್ಪಬಾರದೆಂದು.

ಗುಳಿಗೆ ಮುಗಿದರೂ ತಾಂಬ್ಯಾ ಮುಂಜಾನೆ ಎಂಟಕ್ಕೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಹತ್ತಿರ ಬಂದು ನನ್ನ ಎದುರು ಕೂರುತ್ತಾನೆ. ಏನು ಕಾದಿದೆ ಎಂದು ಗೊತ್ತಿದ್ದೂ ಬರುತ್ತಾನೆ. ನಾನು ಮೊದಮೊದಲು ಒಂದು ಕಥೆ ಹೇಳುತ್ತಿದ್ದೆ. ಆಮೇಲೆ ಎರಡು, ಮೂರು. ಮೊನ್ನೆ ಮಧ್ಯಾಹ್ನವೂ ಕರೆದು ಕೂರಿಸಿಕೊಂಡಿದ್ದೆ. ನಿನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕೂರಲು ಹೋದರೆ ಅದರ ತೋಳಿಗೆ ಒಂದು ಕಾಗದದ ಪಟ್ಟಿ ಅಂಟಿಸಿತ್ತು. ಎರಡೇ ಹಲ್ಲು. ನಾನು ಕನ್ನಡಕ ಏರಿಸಿ ನೋಡಿದೆ.

"ಏನಿದು?"

"ನಿಮ್ಮ ಡೋಸು. ಮುಂಜಾನೆ ಒಂದ ಕಥಿ, ಸಂಜೀಕ ಒಂದು. ಅದಕ್ಕಿಂತ ಹೆಚ್ಚ ಆದ್ರ ಆ ಮೂಕಪ್ರಾಣಿ ತಡಕೊಳ್ಳೂದಿಲ್ಲ" ಎಂದಳು ಮನೆಯಾಕೆ. ಒಳಗೆ ಹೋಗುತ್ತ, "ಊಟಾದ ಮ್ಯಾಲ" ಎಂದು ಸೇರಿಸಿದಳು.

ಮೂವತ್ತನಾಲ್ಕು ವರ್ಷ ಊರಿಗೆಲ್ಲ ಡೋಸು ಕತ್ತರಿಸಿಕೊಟ್ಟವನು ತನ್ನ ಡೋಸನ್ನು ಮೊದಲ ಸಲ ಕಣ್ಣಾರೆ ಕಂಡೆ. ಹಲ್ಲುಗಳು ಒಂದಕ್ಕೊಂದು ಸಮನಾಗಿದ್ದವು. ಯಾವ ವರ್ಷ, ಯಾವ ಸಂಜೆ ನನ್ನ ಕೈ ನೋಡುತ್ತ ಕಲಿತಳೋ ನನಗೆ ಗೊತ್ತಿಲ್ಲ. ಇಂಥ ಪಟ್ಟಿಯನ್ನು ಕತ್ತರಿಸುವಾಗ ಕಾಗದವನ್ನು ಎಷ್ಟು ಸಲ ಮಡಿಸಬೇಕು ಎಂಬುದನ್ನು ತಾಂಬ್ಯಾನಿಗೆ ಹೇಳೋಣವೆಂದು ಅವನ ಕಡೆ ತಿರುಗಿ, ಬಾಯಿ ತೆರೆದೆ.

ನನಗಿಂತ ಮೊದಲು ಅವನು ತೆರೆದ.